ಕ್ಯಾನ್ಸರ್ ಗುಣವಾದ ಮಕ್ಕಳು ಮತ್ತು ಮಿದುಳಿನ ಸ್ಕ್ಯಾನ್

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ರಕ್ತದ ಕ್ಯಾನ್ಸರ್. ಅದರಲ್ಲೂ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಒಂದು ಕಾಲದಲ್ಲಿ ಈ ಕಾಯಿಲೆ ಬಂದ ಮಗು ಕೆಲವೇ ತಿಂಗಳು ಬದುಕುತ್ತಿತ್ತು. ಇಂದು ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರ; ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಎರಡು, ಎರಡೂವರೆ ವರ್ಷದ ಚಿಕಿತ್ಸೆ ಮುಗಿಸಿ ಮಗು ಶಾಲೆಗೆ ಮರಳಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ಜೀವ ಉಳಿಸಿದ ಔಷಧಿ ಮಿದುಳಿಗೆ ಏನು ಮಾಡಿದೆ?

ರಕ್ತದ ಕಾಯಿಲೆಗೂ ಮಿದುಳಿಗೂ ಸಂಬಂಧ ಬಂದದ್ದು ಹೀಗೆ. ರಕ್ತನಾಳಕ್ಕೆ ಕೊಟ್ಟ ಬಹುಪಾಲು ಔಷಧಿಗಳು ಮಿದುಳಿನೊಳಗೆ ಸರಿಯಾಗಿ ಇಳಿಯುವುದಿಲ್ಲ. ಕ್ಯಾನ್ಸರ್ ಕಣಗಳು ಅಲ್ಲಿ ಅಡಗಿ ಉಳಿದು ಮತ್ತೆ ಹರಡುತ್ತವೆ. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಸಂಗಡಿಗರು ಮಕ್ಕಳ ತಲೆಗೆ ವಿಕಿರಣ ಕೊಟ್ಟು, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಚುಚ್ಚಿದರು. ಸುಮಾರು ಅರ್ಧದಷ್ಟು ಮಕ್ಕಳು ಉಳಿದರು. ಅದುವರೆಗೆ ಯಾರೂ ಕಾಣದಿದ್ದ ಫಲ ಅದು. ಆದರೆ ಆ ಮಕ್ಕಳಲ್ಲಿ ಹಲವರು ಬೆಳೆಯುತ್ತ ಓದಿನಲ್ಲಿ ಹಿಂದೆ ಬಿದ್ದರು. ಹಾಗಾಗಿ 24 ಗ್ರೇ (ವಿಕಿರಣ ಅಳೆಯುವ ಮಾನ) ಇದ್ದ ವಿಕಿರಣದ ಪ್ರಮಾಣ 18ಕ್ಕೆ ಇಳಿಯಿತು. ಔಷಧಿಯನ್ನೇ ಸರಿಯಾಗಿ ಹೊಂದಿಸಿದರೆ ತಲೆಗೆ ವಿಕಿರಣವೇ ಬೇಡ ಎಂದು ಅದೇ ಆಸ್ಪತ್ರೆ 2009ರಲ್ಲಿ ತೋರಿಸಿಕೊಟ್ಟಿತು. ಮಕ್ಕಳ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ಮಾನವೀಯವಾದ ತಿದ್ದುಪಡಿ ಅಪರೂಪ.

ವಿಕಿರಣ ಬಿಟ್ಟರೂ ಮೆಥೊಟ್ರೆಕ್ಸೇಟ್ ಬಿಡುವಂತಿಲ್ಲ. ಅದು ಜೀವಕಣಗಳಿಗೆ ಬೇಕಾದ ಫೋಲೇಟ್‌ನ ಕೆಲಸವನ್ನು ತಡೆಯುತ್ತದೆ. ಕ್ಯಾನ್ಸರ್ ಕಣ ಸಾಯುವುದು ಇದರಿಂದಲೇ. ಮಿದುಳಿನ ನರತಂತುಗಳ ಮೇಲಿನ ಮಯಲಿನ್ ಹೊದಿಕೆಗೆ ಪೆಟ್ಟು ಬೀಳುವುದಕ್ಕೂ ಇದೇ ಒಂದು ಕಾರಣ. ಈ ಹೊದಿಕೆ ಬಾಲ್ಯದಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಆದ್ದರಿಂದ ಚಿಕಿತ್ಸೆಯ ವೇಳೆ ಮಗು ಎಷ್ಟು ಚಿಕ್ಕದೋ ಅಪಾಯ ಅಷ್ಟು ಹೆಚ್ಚು.

ಈ ಪೆಟ್ಟನ್ನು ಕಾಣಲು ಎಂಆರ್‌ಐ ಬೇಕು. ಅದರಲ್ಲಿ ಎಕ್ಸ್‌ರೇ ಇಲ್ಲ, ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಷ್ಟೇ; ಹಾಗಾಗಿ ಮತ್ತೆ ಮತ್ತೆ ಮಾಡಿಸಿದರೂ ವಿಕಿರಣದ ಭಯವಿಲ್ಲ. ಮಗು ಅರ್ಧ ಗಂಟೆಗೂ ಮಿಕ್ಕಿ, ಯಂತ್ರದ ಟಕಟಕ ಸದ್ದಿನ ನಡುವೆ, ತಲೆ ಅಲ್ಲಾಡಿಸದೆ ಮಲಗಬೇಕು. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕುತ್ತಾರೆ. ತೀರಾ ಸಣ್ಣವರಿಗೆ ನಿದ್ದೆ ಬರಿಸುವ ಔಷಧಿ ಕೊಡುತ್ತಾರೆ. ಫ್ಲೇರ್ ಎಂಬ ಬಗೆಯ ಚಿತ್ರದಲ್ಲಿ ಮಿದುಳಿನ ನಡುವಿನ ನೀರು ಕಪ್ಪಾಗಿ ಕಾಣುತ್ತದೆ. ಪೆಟ್ಟು ಬಿದ್ದಿದ್ದರೆ ಆ ಕಪ್ಪಿನ ಎರಡೂ ಪಕ್ಕದಲ್ಲಿ ಬೆಳ್ಳಗಿನ ಮಚ್ಚೆಗಳು ಹರಡಿರುತ್ತವೆ. ಡಿಫ್ಯೂಶನ್ ಟೆನ್ಸರ್ ಎಂಬ ವಿಧಾನ ಇನ್ನೂ ಸೂಕ್ಷ್ಮ. ನೀರಿನ ಕಣಗಳು ನರತಂತುಗಳ ಉದ್ದಕ್ಕೆ ಎಷ್ಟು ಸಲೀಸಾಗಿ ಸಾಗುತ್ತವೆ ಎಂದು ಅಳೆದು, ಕಣ್ಣಿಗೆ ಸರಿಯಾಗಿಯೇ ಕಾಣುವ ಜಾಗದಲ್ಲೂ ಸವೆತವನ್ನು ಪತ್ತೆಹಚ್ಚುತ್ತದೆ. ವಿಕಿರಣ ಪಡೆದವರಲ್ಲಿ ವರ್ಷಗಳ ನಂತರ ಮೂಡುವ ಸಣ್ಣ ಸಣ್ಣ ರಕ್ತಸ್ರಾವದ ಕಲೆಗಳಿಗೆ ಬೇರೆಯೇ ಬಗೆಯ ಚಿತ್ರವಿದೆ.

ಮಿದುಳಿನ ಗಡ್ಡೆಗೆ ಚಿಕಿತ್ಸೆಯಾದ ಮಕ್ಕಳ ಸ್ಕ್ಯಾನ್ ಓದುವುದು ಹೆಚ್ಚು ಕಷ್ಟ. ವಿಕಿರಣದಿಂದ ಬೆಂದ ಭಾಗವೂ ಮರುಕಳಿಸಿದ ಗಡ್ಡೆಯೂ ಒಂದೇ ರೀತಿ ಹೊಳೆಯಬಹುದು. ಒಂದೇ ಚಿತ್ರ ನೋಡಿ ತೀರ್ಮಾನಿಸುವುದು ತಪ್ಪು. ರಕ್ತದ ಹರಿವನ್ನು ಅಳೆದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕಾಗುತ್ತದೆ.

ಇಷ್ಟಾದರೂ ಸ್ಕ್ಯಾನ್ ಒಂದೇ ಸಾಲದು. ಬಿಳಿ ಮಚ್ಚೆಗಳು ಎಷ್ಟೋ ಸಲ ಚಿಕಿತ್ಸೆ ನಿಂತ ಮೇಲೆ ಮಾಸುತ್ತವೆ. ಮಚ್ಚೆಯಿದ್ದ ಮಗು ಚೆನ್ನಾಗಿ ಓದುವುದೂ ಉಂಟು, ಚಿತ್ರ ಸರಿಯಿದ್ದ ಮಗು ತರಗತಿಯಲ್ಲಿ ತಡವರಿಸುವುದೂ ಉಂಟು. ಆದ್ದರಿಂದ ಚಿತ್ರದ ಜೊತೆಗೆ ಗಮನ, ನೆನಪು, ವೇಗ ಅಳೆಯುವ ಪರೀಕ್ಷೆಗಳು ಬೇಕೇ ಬೇಕು. ಧಾರವಾಡದ ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ಬಿನೆ–ಕಾಮತ್ ಬುದ್ಧಿಮತ್ತೆ ಪರೀಕ್ಷೆಯಿಂದ ಈ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಬುನಾದಿಯೇ ಇದೆ.

ಮೊದಲು ಕುಂದುವುದು ಸಾಮಾನ್ಯವಾಗಿ ಬುದ್ಧಿಯಲ್ಲ, ವೇಗ. ಮೇಷ್ಟ್ರು ಬೋರ್ಡ್ ಒರೆಸುವ ಹೊತ್ತಿಗೆ ಅರ್ಧ ಸಾಲು ಮಾತ್ರ ಬರೆದಿರುವುದು, ಗೊತ್ತಿದ್ದ ಲೆಕ್ಕಕ್ಕೂ ಸಮಯ ಸಾಲದಿರುವುದು: ಮನೆಯವರ ಕಣ್ಣಿಗೆ ಇದು ಸೋಮಾರಿತನವಾಗಿ ಕಾಣುತ್ತದೆ. ಅದು ಸೋಮಾರಿತನವಲ್ಲ. ಮುಂದಿನ ಬೆಂಚು, ಬರೆಯಲು ಹೆಚ್ಚು ಹೊತ್ತು, ಒಮ್ಮೆಗೆ ಒಂದೇ ಕೆಲಸ, ಇಷ್ಟರಿಂದಲೇ ಎಷ್ಟೋ ಮಕ್ಕಳು ಸುಧಾರಿಸಿಕೊಳ್ಳುತ್ತಾರೆ.

ಇನ್ನು ಸ್ಕ್ಯಾನ್ ವಿಷಯ: ಹೋಲಿಸಲು ಹಳೆಯ ಚಿತ್ರವಿಲ್ಲದಿದ್ದರೆ ಹೊಸ ಸ್ಕ್ಯಾನ್‌ನ ಬೆಲೆ ಅರ್ಧಕ್ಕಿಳಿಯುತ್ತದೆ. ಮೊದಲ ಸ್ಕ್ಯಾನ್‌ನ ಸಿ.ಡಿ., ಡಿಸ್ಚಾರ್ಜ್ ಸಮ್ಮರಿ, ತಲೆಗೆ ಕೊಟ್ಟ ವಿಕಿರಣದ ಪ್ರಮಾಣ, ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ಗಳ ವಿವರ, ಇವನ್ನು ಹೆತ್ತವರು ಒಂದೇ ಫೈಲಿನಲ್ಲಿ ಜೋಪಾನ ಮಾಡಬೇಕು. ಶಾಲೆ ಬದಲಾದಾಗ ಹೊಸ ಮೇಷ್ಟ್ರಿಗೂ ವಿಷಯ ತಿಳಿಸಬೇಕು.