ಎರಡನೆಯ ಕರೆ

ಮಹಾಭಾರತದ ಜೂಜು ಎಂದರೆ ದ್ರೌಪದಿಯ ಸೀರೆ ಸೆಳೆದ ಸಭೆ ಎಲ್ಲರಿಗೂ ನೆನಪಿದೆ. ಆಮೇಲಿನದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಧೃತರಾಷ್ಟ್ರ ಸೋತದ್ದನ್ನೆಲ್ಲ ಹಿಂದಿರುಗಿಸಿದ. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದರು. ಅಷ್ಟರಲ್ಲಿ ಮತ್ತೆ ಕರೆ ಬಂತು. ಧರ್ಮರಾಯ ಹೋದ, ಕೂತ, ಮತ್ತೆ ಸೋತ.

ಇವತ್ತೂ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತಿದೆ. ಮಗ ಮೊಬೈಲಿನಲ್ಲಿ ರಮ್ಮಿ ಆಡಿ, ಐಪಿಎಲ್ ಬೆಟ್ಟಿಂಗ್ ಕಟ್ಟಿ ಮೈತುಂಬ ಸಾಲ ಮಾಡಿಕೊಂಡಿರುತ್ತಾನೆ. ವಿಷಯ ಹೊರಬಿದ್ದಾಗ ಅಮ್ಮ ಬಳೆ ಗಿರವಿ ಇಡುತ್ತಾಳೆ, ಅಪ್ಪ ಪಿ.ಎಫ್. ಹಣ ತೆಗೆಯುತ್ತಾರೆ. ‘ಇನ್ನು ಮುಟ್ಟಲ್ಲ’ ಅಂತ ದೇವರ ಮುಂದೆ ಆಣೆ. ಸಾಲ ತೀರಿತು, ಸುದ್ದಿ ಬೀದಿಗೆ ಬರಲಿಲ್ಲ ಎಂದು ಮನೆ ನಿರಾಳವಾಗುತ್ತದೆ. ಚಟ ಮಾತ್ರ ಇದ್ದಲ್ಲೇ ಇರುತ್ತದೆ.

ಆಣೆ ಇಡುವಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯೆಂದೇ ಪಟ್ಟಿಮಾಡಿದೆ. ಸೋತಷ್ಟೂ ‘ಹೋದದ್ದನ್ನ ಒಂದೇ ಆಟದಲ್ಲಿ ವಾಪಸ್ ತರ್ತೀನಿ’ ಎಂಬ ಹಟ ಏರುತ್ತದೆ. ಕೂದಲೆಳೆಯಲ್ಲಿ ತಪ್ಪಿದ ಗೆಲುವೂ ಮತ್ತೆ ಆಡುವ ಉಮೇದು ಹುಟ್ಟಿಸುತ್ತದೆ. ಊಟದ ಹೊತ್ತಿಗೂ ಮೊಬೈಲ್ ಬೋರಲು, ಸಂಬಳ ಬಂದ ವಾರಕ್ಕೇ ಕೈಸಾಲ, ನಡುರಾತ್ರಿಯವರೆಗೆ ಎಚ್ಚರ. ಇವು ಕಣ್ಣಿಗೆ ಬಿದ್ದರೆ ಸುಮ್ಮನಿರಬೇಡಿ.

ಬೈದರೆ ಇನ್ನಷ್ಟು ಮುಚ್ಚಿಡುತ್ತಾನೆ. ‘ಎಲ್ಲೆಲ್ಲಿ ಎಷ್ಟು ಸಾಲ ಇದೆ, ಕೂತು ಬರೆಯೋಣ ಬಾಪ್ಪ’ ಅನ್ನಿ. ಮೊದಲ ಸಲ ಹೇಳುವ ಮೊತ್ತ ಬಹುಮಟ್ಟಿಗೆ ಪೂರ್ತಿ ಇರುವುದಿಲ್ಲ, ನಾಚಿಕೆ ಅರ್ಧವನ್ನು ನುಂಗಿರುತ್ತದೆ. ಸಿಟ್ಟಾಗದೆ ಇನ್ನೊಮ್ಮೆ ಕೇಳಿ. ಅವನನ್ನು ಒಪ್ಪಿಸಿ ಸಂಬಳದ ಖಾತೆ, ಎಟಿಎಂ ಕಾರ್ಡು ಕೆಲಕಾಲ ಹೆಂಡತಿಯೋ ಅಕ್ಕನೋ ನೋಡಿಕೊಳ್ಳಲಿ. ಬಸ್ಸು, ಕಾಫಿಗೆ ಆಗುವಷ್ಟು ದಿನಾ ಕೈಗೆ ಕೊಡಲಿ. ಸಾಲ ಅವನ ದುಡಿಮೆಯಿಂದಲೇ ಕಂತಿನಲ್ಲಿ ತೀರಲಿ. ತಾಯಂದಿರಿಗೆ ಇದು ಕಷ್ಟ, ಗೊತ್ತು. ಆದರೂ ಬಳೆ ಕೈಯಲ್ಲೇ ಇರಲಿ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಬೆಟ್ಟಿಂಗ್ ಕಟ್ಟಿಸಿಕೊಳ್ಳುವವನ ನಂಬರು ಇನ್ನೂ ಮಗನ ಫೋನಿನಲ್ಲೇ ಇರುತ್ತದಲ್ಲ! ಎರಡನೆಯ ಕರೆ ಬರುವುದು ಅಲ್ಲಿಂದ. ‘ಅಣ್ಣಾ, ಇವತ್ತು ಫೋನ್ ಬಂದಿತ್ತು, ಮನಸ್ಸು ಎಳೀತಿದೆ’ ಎಂದು ಅವನು ಅಂಜದೆ ಬಂದು ಹೇಳುವಷ್ಟು ಸಲಿಗೆ ಮನೆಯಲ್ಲಿರಬೇಕು. ಮತ್ತೊಮ್ಮೆ ಜಾರಿದರೂ ಹಾಗೇ ಬಂದು ಹೇಳುವಂತಿರಬೇಕು.

ಮನೆಯವರ ಕೈಮೀರಿದರೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ನೀವೂ ಜೊತೆಗೆ ಕೂಡಿ. ಸಾಯುವ ಮಾತಾಡಿದರಂತೂ ಒಬ್ಬನನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನು ಒಲ್ಲೆ ಎಂದರೆ ನೀವೇ ಫೋನ್ ಮಾಡಿ.