ಗೋಲ್‌ಕೀಪರ್ ಜಿಮ್ಮಿ ಡಗ್ಲಾಸ್



ಮೊದಲ ವಿಶ್ವಕಪ್ ಫುಟ್‌ಬಾಲ್ ನಡೆದದ್ದು 1930ರಲ್ಲಿ, ಉರುಗ್ವೆಯಲ್ಲಿ. ಅಮೆರಿಕ ತಂಡದ ಗೋಲ್‌ಕೀಪರ್ ನ್ಯೂಜೆರ್ಸಿಯ ಜಿಮ್ಮಿ ಡಗ್ಲಾಸ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆಡಿದ್ದವರು. ಬೆಲ್ಜಿಯಂ ವಿರುದ್ಧ 3–0, ಪರಾಗ್ವೆ ವಿರುದ್ಧ 3–0 ಜಯ. ವಿಶ್ವಕಪ್‌ನಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಪಂದ್ಯ ಮುಗಿಸಿದ ಮೊದಲ ಗೋಲ್‌ಕೀಪರ್ ಅವರೇ.

ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಆರಂಭದಲ್ಲೇ ಅವರ ಕಾಲಿಗೆ ಪೆಟ್ಟಾಯಿತು. ಆಗ ಬದಲಿ ಆಟಗಾರರನ್ನು ಇಳಿಸಲು ಅವಕಾಶವಿರಲಿಲ್ಲ. ಜೊತೆಗಾರ ಟ್ರೇಸಿ ಕಾಲು ಮುರಿದುಕೊಂಡು ಹೊರಗುಳಿದರು. ಡಗ್ಲಾಸ್ ಮಾತ್ರ ಆ ಕಾಲಿನಲ್ಲೇ ಕೊನೆಯವರೆಗೂ ನಿಂತರು. ತಂಡ 6–1ರಿಂದ ಸೋತಿತು.

ದಾಖಲೆಯಲ್ಲಿ ಆರು ಗೋಲು ಕಾಣುತ್ತದೆ, ನೋವು ಕಾಣುವುದಿಲ್ಲ. ಅಂಕಪಟ್ಟಿಯೂ ಹಾಗೆಯೇ. ಬರೀ ಅಂಕ ನೋಡಿ ಮಗಳನ್ನಾಗಲಿ ಮಗನನ್ನಾಗಲಿ ಶಾಲೆ ಬಿಡಿಸಬೇಡಿ ಎಂದು ಪಾಲಕರಲ್ಲಿ ನನ್ನ ಕಳಕಳಿಯ ವಿನಂತಿ.