ನೆತ್ತಿ ಹತ್ತಿದಾಗ ನೆತ್ತಿ ತಟ್ಟಿದರೆ ಸಾಲದು



ಚಳ್ಳಕೆರೆ, ಪಾವಗಡದ ಕಡೆ ಕಡಲೆಕಾಯಿ ಕಿತ್ತು ಬಿಡಿಸುವ ದಿನಗಳಲ್ಲಿ ಮನೆಮಂದಿಗೆಲ್ಲ ಕೈತುಂಬ ಕೆಲಸ. ರಾಶಿಯ ಪಕ್ಕದಲ್ಲಿ ಕುಳಿತ ಕೂಸು ಸಿಕ್ಕಿದ ಬೀಜವನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನಗುವಾಗಲೋ ಅಳುವಾಗಲೋ ಅದು ಶ್ವಾಸನಾಳಕ್ಕೆ ಜಾರುತ್ತದೆ. ಭಾರತದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಕಾಯಿ ಬೀಜವೇ ಮುಖ್ಯವಾದುದು.

ನೆತ್ತಿ ಹತ್ತಿತೆಂದು ನೆತ್ತಿ ತಟ್ಟುವುದು ರೂಢಿ. ಇದರಿಂದ ಸಿಕ್ಕಿಕೊಂಡ ವಸ್ತು ಕದಲುವುದಿಲ್ಲ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಉಸಿರಾಡುತ್ತಿದೆ ಎಂದೇ ಅರ್ಥ. ಆಗ ಬೆನ್ನಿಗೆ ಹೊಡೆಯದೆ ಕೆಮ್ಮಲು ಬಿಡಬೇಕು. ನೀರು ಕುಡಿಸುವುದು, ಅನ್ನದ ಉಂಡೆ ನುಂಗಿಸುವುದು, ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳಾಡಿಸುವುದು ಅಪಾಯಕರ.

ಕೆಮ್ಮು ನಿಂತು, ದನಿ ಹೊರಡದೆ, ತುಟಿ ನೀಲಿಗಟ್ಟಿದರೆ ಉಸಿರು ಪೂರ್ತಿ ಕಟ್ಟಿದೆ ಎಂದು ತಿಳಿಯಬೇಕು. ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಗಾಡಿ ಹುಡುಕುತ್ತ ಕಾಯುವ ಹೊತ್ತಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಕೂಡಲೆ ಹೀಗೆ ಮಾಡಬೇಕು:

1. ಒಂದು ವರ್ಷದೊಳಗಿನ ಕೂಸು: ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಬೆನ್ನಿನ ಮೇಲೆ ಹೆಗಲುಗಳ ನಡುವೆ ಅಂಗೈ ಬುಡದಿಂದ 5 ಬಾರಿ ಹೊಡೆಯಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಮೂಳೆಯ ಮೇಲೆ 5 ಬಾರಿ ಒತ್ತಬೇಕು. ಹೊಟ್ಟೆಯನ್ನು ಒತ್ತಲೇಬಾರದು.

2. ದೊಡ್ಡ ಮಕ್ಕಳು, ವಯಸ್ಕರು: ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಪೆಟ್ಟು ಕೊಡಬೇಕು. ಆಮೇಲೆ ಹಿಂದಿನಿಂದ ತೋಳುಗಳಲ್ಲಿ ಬಳಸಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ 5 ಬಾರಿ ಜಗ್ಗಬೇಕು. ಹೊಟ್ಟೆಯನ್ನು ಹೀಗೆ ಒತ್ತುವ ಕ್ರಮವನ್ನು ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ವಿವರಿಸಿದರು. ತುಂಬು ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು.

ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು.

3. ಪ್ರಜ್ಞೆ ತಪ್ಪಿದರೆ: ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ 30 ಬಾರಿ ಒತ್ತಿ, ಬಾಯಿ ತೆರೆದು ನೋಡಬೇಕು. ವಸ್ತು ಕಣ್ಣಿಗೆ ಕಂಡರೆ ಮಾತ್ರ ತೆಗೆದು, 2 ಬಾರಿ ಉಸಿರು ಊದಬೇಕು. ನೆರವು ಬರುವವರೆಗೂ ಇದನ್ನು ನಿಲ್ಲಿಸಬಾರದು.

ವಸ್ತು ಹೊರಬಂದರೂ ವೈದ್ಯರಿಗೆ ತೋರಿಸಬೇಕು. ಕೆಲವೊಮ್ಮೆ ಕೆಮ್ಮು ತಾನಾಗಿ ನಿಂತು, ಮಗು ಆಟಕ್ಕೆ ಮರಳುತ್ತದೆ. ಬೀಜ ಮಾತ್ರ ಶ್ವಾಸಕೋಶದ ಕವಲಿನಲ್ಲಿ ಉಳಿದಿರುತ್ತದೆ. ಅಲ್ಲಿ ಊತ ಉಂಟಾಗಿ, ದಿನಗಳು ಕಳೆದ ಮೇಲೆ ಕೆಮ್ಮು, ಗೊರಗೊರ ಶಬ್ದ, ಜ್ವರ ಕಾಣಿಸಿಕೊಳ್ಳುತ್ತವೆ. ಇದನ್ನು ನೆಗಡಿಯೆಂದು ಬಗೆಯದೆ, ಬೀಜ ತಿನ್ನುವಾಗ ನೆತ್ತಿ ಹತ್ತಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಎಕ್ಸ್-ರೇಯಲ್ಲಿ ಬೀಜ ಸಾಮಾನ್ಯವಾಗಿ ಕಾಣುವುದಿಲ್ಲ; ಈ ಒಂದು ಮಾತೇ ರೋಗ ಪತ್ತೆಗೆ ದಾರಿಯಾಗುತ್ತದೆ.

ಬರದಂತೆ ತಡೆಯುವುದು ಇನ್ನೂ ಸುಲಭ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಬೇಡ. ನುಣ್ಣಗೆ ಪುಡಿ ಮಾಡಿ ಅನ್ನದಲ್ಲಿ ಕಲಸಿ ಕೊಡಬಹುದು. ಹುಣಸೆಬೀಜ, ಅಡಿಕೆ ಚೂರು, ಗುಂಡಿಗಳು ಕೈಗೆ ಸಿಗದಂತಿರಲಿ. ಓಡುವ, ಅಳುವ ಮಗುವಿನ ಬಾಯಿಗೆ ತುತ್ತಿಡಬಾರದು. ಹಲ್ಲಿಲ್ಲದ ಹಿರಿಯರಿಗೆ ಮಾಂಸ, ಹಣ್ಣುಗಳನ್ನು ಸಣ್ಣಗೆ ಹೆಚ್ಚಿ ಕೊಡಬೇಕು. ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಯಾರೂ ಮಲಗಬಾರದು.

ರಾಶಿಗೆ ಕಾವಲಿರುವ ಕಣ್ಣು ರಾಶಿಯ ಪಕ್ಕದ ಕೂಸಿನ ಮೇಲೂ ಇರಲಿ.